ಅಳತೆ ಪಟ್ಟಿ ಬಿಡಿ, ಕತ್ತರಿ ನೋಡಿ
(ಹೊಲಿಗೆ ತರಬೇತಿ ಮುಗಿಸಿದವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಕೈಯಲ್ಲಿ ಕರ್ಚೀಫ್ ಇದೆಯಾ? ತೆಗೆಯಿರಿ. ಮೊದಲು ಅಂಚು ಹಿಡಿದು ನೇರಕ್ಕೆ ಎಳೆಯಿರಿ. ಜಗ್ಗಲ್ಲ. ಈಗ ಮೂಲೆಯಿಂದ ಮೂಲೆಗೆ ಎಳೆಯಿರಿ. ಬಂತಲ್ವಾ! ಹಾಸಿನ ಎಳೆ, ಹೊಕ್ಕಿನ ಎಳೆ ಎರಡೂ ಓರೆಯಾಗಿ ಜಾಗ ಬಿಟ್ಟುಕೊಡುತ್ತವೆ. ನಾವು ಕ್ರಾಸ್ ಅನ್ನುವುದು ಇದನ್ನೇ. ಕುತ್ತಿಗೆಗೆ ಪೈಪಿಂಗ್ ಇಡಲು ಪಟ್ಟಿಯನ್ನು ಹೀಗೇ ಕತ್ತರಿಸುತ್ತೀರಿ, ತಿರುವಿನಲ್ಲಿ ಸುಕ್ಕು ಬೀಳದೆ ಕೂರಲಿ ಅಂತ.

ಎರಡು ಮಹಾಯುದ್ಧಗಳ ನಡುವಿನ ಫ್ಯಾಷನ್ ಬಗ್ಗೆ ಮಾತಾಡಿ ಅಂದಿದ್ದಾರೆ. ಆ ಕಾಲ ಅಂದರೆ ಸಾಕು, ಎಲ್ಲರೂ ಉದ್ದ-ಗಿಡ್ಡದ ಲೆಕ್ಕ ಒಪ್ಪಿಸುತ್ತಾರೆ. 1926-27ರ ಹೊತ್ತಿಗೆ ಉಡುಪು ಮಂಡಿಯವರೆಗೆ ಏರಿತು, 1930ರ ಹೊತ್ತಿಗೆ ಮತ್ತೆ ಇಳಿಯಿತು, ಪ್ಯಾರಿಸ್‌ನ ಡಿಸೈನರ್ ಶನೆಲ್ ಮಾಡಿದ ಕಪ್ಪು ಫ್ರಾಕ್ ಹೆಸರು ಮಾಡಿತು. ಎಲ್ಲ ನಿಜ. ಆದರೆ ನಾನು ಹೇಳುವುದು ಒಂದೇ: ಅಳತೆ ಪಟ್ಟಿ ಬಿಡಿ, ಕತ್ತರಿ ನೋಡಿ.

ಆ ಕತ್ತರಿ ಹಿಡಿದಾಕೆ ಮ್ಯಾಡಲೀನ್ ವಿಯೊನೆ. ಹುಟ್ಟಿದ್ದು 1876ರಲ್ಲಿ, ಫ್ರಾನ್ಸಿನಲ್ಲಿ. ಆಟವಾಡುವ ವಯಸ್ಸಿಗೇ ಶಾಲೆ ಬಿಡಿಸಿ ಹೊಲಿಗೆ ಕೆಲಸಕ್ಕೆ ಹಾಕಿದರು. 1912ರಲ್ಲಿ ಪ್ಯಾರಿಸ್‌ನಲ್ಲಿ ಸ್ವಂತ ಅಂಗಡಿ ತೆರೆದಳು. ಎರಡೇ ವರ್ಷಕ್ಕೆ ಯುದ್ಧ ಬಂದು ಬಾಗಿಲು ಹಾಕಿದಳು. ಯುದ್ಧ ಮುಗಿದ ಮೇಲೆ ಮತ್ತೆ ಶುರು ಮಾಡಿದಳು.

ಆಕೆ ಕಾಗದದ ಮೇಲೆ ಚಿತ್ರ ಬರೆದು ಡಿಸೈನ್ ಮಾಡುತ್ತಿರಲಿಲ್ಲ. ಒಂದು ಪುಟ್ಟ ಮರದ ಗೊಂಬೆ ಇಟ್ಟುಕೊಂಡಿದ್ದಳು. ಅದಕ್ಕೆ ಬಟ್ಟೆ ಹೊದಿಸಿ, ಪಿನ್ ಚುಚ್ಚಿ, ತಿರುಗಿಸಿ ನೋಡಿ, ಬಿಚ್ಚಿ, ಮತ್ತೆ ಹೊದಿಸುವುದು. ಸೀರೆ ಉಡುವಾಗ ನಾವೂ ಹಾಗೇ ಅಲ್ವಾ? ಬಟ್ಟೆ ಮೈಮೇಲೆ ಬಿದ್ದ ಮೇಲೇ ನೆರಿಗೆ ಎಲ್ಲಿ ಅಂತ ಗೊತ್ತಾಗುವುದು.

ಕ್ರಾಸ್ ಮೊದಲೂ ಇತ್ತು, ಕಾಲರಿಗೆ, ಪಟ್ಟಿಗೆ. ಆಕೆ ಇಡೀ ಗೌನನ್ನೇ ಕ್ರಾಸ್ ಆಗಿ ಕತ್ತರಿಸಿದಳು. ಅದಕ್ಕೆ ಮಾಮೂಲಿ ಪನ್ನ ಸಾಲದು. ಜಾಸ್ತಿ ಅಗಲದ ಕ್ರೇಪ್ ಬಟ್ಟೆಯನ್ನು ಹೇಳಿ ನೇಯಿಸಿಕೊಂಡಳು. ಆ ಗೌನಿಗೆ ಒಳಗೆ ಸೊಂಟ ಬಿಗಿಯುವ, ಕಡ್ಡಿ ಹಾಕಿದ ಕಾರ್ಸೆಟ್ ಬೇಡ. ಎಷ್ಟೋ ಗೌನುಗಳಿಗೆ ಹುಕ್ಕೂ ಬೇಡ, ತಲೆಯಿಂದ ಇಳಿಸಿಕೊಂಡರೆ ಮುಗೀತು. ಉದ್ದ ಎಷ್ಟಾದರೂ ಇರಲಿ, ಹೆಂಗಸಿನ ಪಕ್ಕೆಲುಬಿಗೆ ಉಸಿರು ಬಂದದ್ದು ಈ ಕತ್ತರಿಯಿಂದ.

ನಾನು ಕಲಿಯುವಾಗಿನ ಮಾತು. ಮೊದಲ ಸಲ ಕ್ರಾಸ್ ಲಂಗ ಕತ್ತರಿಸಿ, ಹೊಲಿದು, ಅದೇ ಸಂಜೆ ಹೆಮ್ಮಿಂಗ್ ಮುಗಿಸಿ ಮೊಳೆಗೆ ನೇತುಹಾಕಿದೆ. ಬೆಳಗ್ಗೆ ನೋಡಿದರೆ ಒಂದು ಕಡೆ ಎರಡು ಬೆರಳು ಇಳಿದಿದೆ! ಅಳು ಬಂತು. ಅಮ್ಮ ಬೈಯಲಿಲ್ಲ. "ಬಿಚ್ಚು, ಇನ್ನೂ ಎರಡು ದಿನ ತೂಗಲಿ" ಅಂದರು. ಇಳಿಯುವಷ್ಟು ಇಳಿದ ಮೇಲೇ ಅಂಚು ಮಡಿಸಬೇಕು. ಕ್ರಾಸ್ ಬಟ್ಟೆಗೆ ಅವಸರ ಆಗಲ್ಲ.

ಚೀಟಿ ಬಂತು, ಐದೇ ನಿಮಿಷ ಅಂತೆ. ರೇಯಾನ್, ಜಿಪ್ಪು, ಎಲ್ಲ ಬರೆದುಕೊಂಡು ಬಂದಿದ್ದೆ. ರೇಯಾನ್ ಅನ್ನುವ ಕೃತಕ ನೂಲಿನಿಂದ ರೇಷ್ಮೆಯ ಮಿನುಗು ಕಡಿಮೆ ದುಡ್ಡಿಗೆ ಸಿಕ್ಕಿತು, ಅಷ್ಟು ಸಾಕು. ಆದರೆ ಒಂದು ಮಾತು ಬಿಡಲಾರೆ. ವಿಯೊನೆ ಹತ್ತಿರ ಸಾವಿರಕ್ಕೂ ಹೆಚ್ಚು ಜನ ಕೆಲಸಕ್ಕಿದ್ದರು. ಅವರಿಗೆ ಊಟದ ಹಾಲ್, ಡಾಕ್ಟರು, ಸಂಬಳದ ರಜೆ, ಬೆನ್ನಿಗೆ ಆಸರೆ ಇರುವ ಕುರ್ಚಿ! ದಿನವಿಡೀ ಬಗ್ಗಿ ಹೊಲಿದವರಿಗೇ ಗೊತ್ತು ಆ ಕುರ್ಚಿಯ ಬೆಲೆ. ಫ್ರಾನ್ಸಿನಲ್ಲಿ ಎಲ್ಲರಿಗೂ ಸಂಬಳದ ರಜೆಯ ಕಾನೂನು ಬಂದದ್ದು 1936ರಲ್ಲಿ. ಆಕೆ ಅದಕ್ಕೂ ಮೊದಲೇ ಕೊಟ್ಟಿದ್ದಳು.

ನಕಲು ಮಾಡುವವರ ಕಾಟ ಜಾಸ್ತಿಯಾದಾಗ ಲೇಬಲ್ ಮೇಲೆ ಸಹಿಯ ಜೊತೆ ಹೆಬ್ಬೆಟ್ಟನ್ನೂ ಒತ್ತಿದಳು. ನಮ್ಮಲ್ಲಿ ಹೆಬ್ಬೆಟ್ಟು ಅಂದರೆ ಓದು ಬರದವರು ಅಂತ ತಾತ್ಸಾರ. ಆಕೆ ಬಟ್ಟೆ ಹಿಡಿದ ಬೆರಳನ್ನೇ ತನ್ನ ಗುರುತು ಮಾಡಿಕೊಂಡಳು. 1939ರಲ್ಲಿ ಇನ್ನೊಂದು ಯುದ್ಧ ಬಂತು, ಅಂಗಡಿ ಮುಚ್ಚಿತು.

ಇನ್ನು ಎರಡು ನಿಮಿಷ ಇದೆ ಅಲ್ವಾ? ಒಂದು ಮೀಟರ್ ಬಟ್ಟೆ ತಂದಿದ್ದೇನೆ. ಯಾರಾದರೂ ಈ ಮೂಲೆ ಹಿಡ್ಕೊಳ್ಳಿ ಬನ್ನಿ, ಗುರುತು ಹಾಕಿ ತೋರಿಸುತ್ತೇನೆ.