ಮೊನೆ ಮೇಲೆ, ಭಾರ ಕೆಳಗೆ

ಕೇಳುಗರಿಗೆ ನಮಸ್ಕಾರ. ಗಾಳಕ್ಕೆ ನೂಲು, ರೋಮ, ಗರಿ ಸುತ್ತಿ ಹುಳದ ವೇಷವೋ ಮರಿಮೀನಿನ ವೇಷವೋ ಹಾಕುತ್ತೇವಲ್ಲ, ಅದೇ ಫ್ಲೈ. ನೀವೂ ಕಟ್ಟಿರುತ್ತೀರಿ. ತಳಕ್ಕೆ ಇಳಿಸಿದ್ದೇ ತಡ, ಕಲ್ಲಿಗೋ ಜೊಂಡಿಗೋ ಸಿಕ್ಕಿಹಾಕಿಕೊಂಡು ಕಳೆದುಕೊಂಡೂ ಇರುತ್ತೀರಿ. ಮೊನೆ ಕೆಳಗಿದ್ದರೆ ತಳ ಕೆರೆಯದೆ ಇನ್ನೇನು ಮಾಡೀತು? ಮೊನೆ ಮೇಲಾಗಬೇಕು. ಅದಕ್ಕೆ ಭಾರವನ್ನು ಮೊನೆಯ ಎದುರು ಬದಿಗೆ ಕಟ್ಟಬೇಕು. ಅಷ್ಟೇ.

ಅಷ್ಟೇ ಅಂದೆ, ಆದರೆ ನನಗೆ ಅದು ತಲೆಗೆ ಹೋಗೋಕೆ ನಾಲ್ಕು ಫ್ಲೈ ಹೋಗಬೇಕಾಯಿತು. ಒಂದೇ ಬೆಳಗ್ಗೆ! ಕಟ್ಟುವಾಗ ಗಾಳವನ್ನು ಇಕ್ಕಳಕ್ಕೆ ಕಚ್ಚಿಸುತ್ತೇವೆ, ಮೊನೆ ಕೆಳಗಿರುತ್ತದೆ. ಭಾರ ಕೆಳಗಿರಬೇಕು ಅಂತ ಎಲ್ಲರೂ ಹೇಳಿದ್ದರು. ಸರಿ, ಲೋಹದ ಜೋಡಿ ಗುಂಡನ್ನು, ಅದೇ ಡಂಬೆಲ್ ಕಣ್ಣನ್ನು, ಕೆಳಗೇ ಕಟ್ಟಿದೆ. ನೋಡೋಕೆ ಬಲು ಚೆಂದ. ನಾಲ್ಕೂ ತಳ ಕಚ್ಚಿಕೊಂಡು ಹೋದವು. ಐದನೆಯದನ್ನು ಸಿಟ್ಟಲ್ಲಿ ಬಕೆಟ್ಟಿಗೆ ಎಸೆದೆ. ಮೊನೆ ಕೆಳಗೆ ಮಾಡಿಕೊಂಡು ನೆಟ್ಟಗೆ ಇಳಿಯಿತು. ಅದನ್ನೆತ್ತಿ, ಬ್ಲೇಡಿನಿಂದ ನೂಲು ಕತ್ತರಿಸಿ, ಅದೇ ಗುಂಡನ್ನು ಗಾಳದ ನೆಟ್ಟನೆಯ ಕಡ್ಡಿಯ ಬೆನ್ನ ಮೇಲೆ, ಅಂದರೆ ಮೊನೆಯ ಎದುರು ಬದಿಗೆ, ಕಟ್ಟಿ ಮತ್ತೆ ಬಿಟ್ಟೆ. ಎರಡು ಬೆರಳು ಇಳಿಯುವಷ್ಟರಲ್ಲಿ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಮಗುಚಿಕೊಂಡಿತು. ಮೊನೆ ಮೇಲೆ! ನಾನು ಅವತ್ತು ಮೀನು ಹಿಡಿಯಲೇ ಇಲ್ಲ, ಸುಮ್ನೆ ಬಕೆಟ್ ಮುಂದೆ ಕೂತು ಅದನ್ನೇ ಬಿಡೋದು, ಎತ್ತೋದು ಮಾಡುತ್ತಿದ್ದೆ. ಮನೆಯವರು ಏನಂದುಕೊಂಡರೋ ಬಿಡಿ.

ನಾನು ಕಂಡುಹಿಡಿದದ್ದೇನೂ ಅಲ್ಲ ಇದು. ಅಮೆರಿಕದ ಬಾಬ್ ಕ್ಲೌಸರ್ 1980ರ ದಶಕದಲ್ಲೇ ಹೀಗೆ ಕಟ್ಟಿದ ಮರಿಮೀನು, ಕ್ಲೌಸರ್ ಮಿನ್ನೋ, ಈಗ ಲೋಕವೆಲ್ಲ ಓಡಾಡುತ್ತಿದೆ. ಬಹಾಮಾಸ್‌ನ ಕ್ರೇಜಿ ಚಾರ್ಲಿ ಫ್ಲೈಗೂ ಸರಪಳಿ ಮಣಿಯ ಕಣ್ಣು ಇರುವುದು ಬೆನ್ನ ಮೇಲೇ. ಮತ್ತೆ ಹೇಳುತ್ತೇನೆ, ಭಾರ ಮೊನೆಯ ಎದುರು ಬದಿಗೆ.

ಗಡಿಯಾರ ಓಡುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ರೋಮವನ್ನು ಮಾತ್ರ ಮೊನೆಯ ಕಡೆಗೇ ಕಟ್ಟಿ. ಅದು ಮೊನೆಯನ್ನು ಮುಚ್ಚಿ, ಜೊಂಡಿಗೆ ಸಿಕ್ಕದಂತೆ ಕಾಯುತ್ತದೆ. ಗಾಳ ದಪ್ಪ, ಗುಂಡು ಸಣ್ಣ ಆದರೆ ಮಗುಚೋದಿಲ್ಲ. ಆಗ ಟಂಗ್‌ಸ್ಟನ್ ಹಾಕಿ: ನೀರಿಗಿಂತ 19 ಪಟ್ಟು ಭಾರ ಅದು, ಸೀಸ 11 ಪಟ್ಟು ಮಾತ್ರ. ಜಿಗ್ ಗಾಳ ಅಂತ ಕುತ್ತಿಗೆ ಬಾಗಿದ್ದೂ ಸಿಗುತ್ತದೆ. ಅದರ ಮಾತು ಇನ್ನೊಮ್ಮೆ ಆಡೋಣ.

ಒಂದೇ ಕೋರಿಕೆ. ದಯವಿಟ್ಟು ಇಕ್ಕಳದಲ್ಲಿ ನೋಡಿ ಮೆಚ್ಚಿಕೊಳ್ಳಬೇಡಿ. ದಾರ ಕಟ್ಟಿ ಬಕೆಟ್ಟಿನಲ್ಲಿ ಬಿಟ್ಟು, ಮೆಲ್ಲಗೆ ಎಳೆದು ನೋಡಿ. ಬಿಟ್ಟಾಗ ಮಗುಚಿಕೊಂಡು, ಎಳೆದಾಗ ಪಕ್ಕಕ್ಕೆ ವಾಲಿದರೆ, ಗುಂಡನ್ನು ಓರೆಯಾಗಿ ಕಟ್ಟಿದ್ದೀರಿ, ಬಿಚ್ಚಿ ಮತ್ತೆ ಕಟ್ಟಿ. ನಮಸ್ಕಾರ.