ಮಲಗೆದ್ದರೆ ಸರಿಹೋಗುತ್ತದೆ

ಕೇಳುಗರಿಗೆ ನಮಸ್ಕಾರ.

ಮಂಡಿ ತರಚಿಕೊಂಡು ಅಳುತ್ತಾ ಬಂದರೆ ನಮ್ಮಜ್ಜಿ ಗಾಯದ ಮೇಲೆ ಎರಡು ಸಲ ಊದಿ, ‘ಮಲಗೆದ್ದರೆ ಸರಿಹೋಗುತ್ತದೆ, ಹೋಗು’ ಎನ್ನುತ್ತಿದ್ದರು. ಬೆಳಗ್ಗೆ ನೋವು ಅರ್ಧಕ್ಕರ್ಧ ಇಳಿದಿರುತ್ತಿತ್ತು. ಗಾಯ ತಾನಾಗಿಯೇ ಮಾಯುತ್ತಿತ್ತು, ಇದರಲ್ಲಿ ಅಜ್ಜಿಯ ಹೆಚ್ಚುಗಾರಿಕೆ ಏನು ಎಂದು ನೀವು ಕೇಳಬಹುದು. ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ.

ಔಷಧದ ಗುಣವಿಲ್ಲದ ಮಾತ್ರೆಗೋ ಮುಲಾಮಿಗೋ ಪ್ಲಸೀಬೊ ಎನ್ನುತ್ತಾರೆ. ನಾವು ಹುಸಿಮದ್ದು ಎನ್ನೋಣ. ಮದ್ದು ಹುಸಿ, ಅದರಿಂದ ಸಿಗುವ ನೆಮ್ಮದಿ ಹುಸಿಯಲ್ಲ. 1978ರಲ್ಲಿ ಅಮೆರಿಕದ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬ ಸಂಶೋಧಕರು ಕೊನೆಯ ದವಡೆಹಲ್ಲು ಕೀಳಿಸಿಕೊಂಡವರನ್ನು ಪರೀಕ್ಷಿಸಿದರು. ಹುಸಿಮದ್ದಿನಿಂದ ನೋವು ತಗ್ಗಿದವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಲಾಕ್ಸೋನ್ ಎಂದರೆ ಮಾರ್ಫಿನ್‌ನಂಥ ಬಲವಾದ ನೋವುನಿವಾರಕಗಳಿಗೆ ಅಡ್ಡಗಾಲು ಹಾಕುವ ಔಷಧ. ಅಂದರೆ, ನೋವು ಇಳಿಯುತ್ತದೆಂದು ನಂಬಿದ ದೇಹ ತನ್ನದೇ ಮಾರ್ಫಿನ್ ಅನ್ನು ಒಳಗೊಳಗೇ ಸುರಿಸಿಕೊಂಡಿತ್ತು! ಹಾಗೆಂದು ಹುಸಿಮದ್ದು ಮುರಿದ ಮೂಳೆಯನ್ನು ಕೂಡಿಸುವುದಿಲ್ಲ, ಗಡ್ಡೆಯನ್ನು ಕರಗಿಸುವುದಿಲ್ಲ.

ಈ ನಂಬಿಕೆ ರಾತ್ರಿ ನಿದ್ದೆ ಮಾಡಿ ಎದ್ದ ಮೇಲೆ ಏನಾಗುತ್ತದೆ? ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲವರು ಇದನ್ನೇ ಕೆದಕಿ ನೋಡಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಚರ್ಮಕ್ಕೆ ನೋಯುವಷ್ಟು ಬಿಸಿ ತಾಗಿಸುವುದು, ನೋವು ತಡೆಯುತ್ತದೆಂದು ಹೇಳಿ ಬರಿಯ ಕ್ರೀಮು ಸವರುವುದು. ಕೆಲವರನ್ನು ಅದೇ ದಿನ ಪರೀಕ್ಷಿಸಿದರು, ಕೆಲವರನ್ನು ಪ್ರಯೋಗಾಲಯದಲ್ಲೇ ಮಲಗಿಸಿ ಮರುದಿನ ಬೆಳಗ್ಗೆ. ಕ್ರೀಮಿನ ಮೇಲೆ ಎಷ್ಟು ಭರವಸೆಯೋ ಅಷ್ಟು ಶಮನ ಎಂಬ ನಂಟು ಮಲಗೆದ್ದವರಲ್ಲಿ ಹೆಚ್ಚು ಬಿಗಿಯಾಗಿತ್ತು. ಇನ್ನೊಂದು ವಿಚಿತ್ರವೂ ಇತ್ತು. ಕನಸು ದಟ್ಟವಾಗಿ ಬೀಳುವ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುವ ನಿದ್ದೆ ಯಾರಲ್ಲಿ ಕಡಿಮೆಯಾಗಿತ್ತೋ ಅವರಲ್ಲೇ ಭರವಸೆ ಹೆಚ್ಚು. ನಾನಾಗಿದ್ದರೆ ತಿರುಗಾಮುರುಗ ಊಹಿಸುತ್ತಿದ್ದೆ.

ಇಟಲಿಯ ಸಂಶೋಧಕ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಅವರ ತಂಡ ಇನ್ನೊಂದು ಬಗೆಯಲ್ಲಿ ಇದೇ ಗುಟ್ಟನ್ನು ಹಿಡಿದಿದೆ. ನಿಜವಾದ ನೋವುನಿವಾರಕವನ್ನೇ ರೋಗಿಗೆ ಗೊತ್ತಾಗದಂತೆ ಯಂತ್ರದ ಮೂಲಕ ಹರಿಸಿದರೆ ಅದರ ಗುಣ ಕುಗ್ಗುತ್ತದೆ. ವೈದ್ಯರು ಎದುರಿಗೆ ನಿಂತು ಹೇಳಿ ಕೊಟ್ಟರೆ ಅದೇ ಮದ್ದು ಹೆಚ್ಚು ಹಿಡಿಯುತ್ತದೆ.

ಕೆಲವು ವರ್ಷಗಳ ಹಿಂದೆ ನನಗೊಂದು ಶಸ್ತ್ರಚಿಕಿತ್ಸೆಯಾಯಿತು. ಮೊದಲ ರಾತ್ರಿ ಬಂದ ಸಿಸ್ಟರ್ ಡ್ರಿಪ್ಪಿಗೆ ಏನನ್ನೋ ಸೇರಿಸಿ, ಒಂದು ಮಾತೂ ಆಡದೆ ಹೊರಟುಹೋದರು. ಬೆಳಗಿನವರೆಗೆ ಫ್ಯಾನಿನ ರೆಕ್ಕೆ ಎಣಿಸಿದೆ. ಎರಡನೆಯ ರಾತ್ರಿ ಬಂದವರು ಬೇರೆ. ಸಿರಿಂಜನ್ನು ಬೆಳಕಿಗೆ ಹಿಡಿದು ತೋರಿಸಿದರು. ‘ನೋವಿಗೆ ಹಾಕುತ್ತಿದ್ದೇನೆ ಸಾರ್, ಇನ್ನು ಹತ್ತು ನಿಮಿಷ ಅಷ್ಟೇ, ಆಮೇಲೆ ನಿದ್ದೆ ಬರುತ್ತದೆ’ ಎಂದರು. ಹೊದಿಕೆ ಎಳೆದು, ದೀಪ ಆರಿಸಿ ಹೋದರು. ಹತ್ತು ನಿಮಿಷ ಆಯಿತೋ ಇಲ್ಲವೋ ನೋಡಲು ನಾನು ಎಚ್ಚರವಿರಲಿಲ್ಲ.