ಬೂದು ಶಾಯಿಯ ಪೆನ್ನು

ಎಲ್ಲರಿಗೂ ನಮಸ್ಕಾರ. ನಾನು ಪೆನ್ನಿಗೆ ಬೂದು ಶಾಯಿ ತುಂಬುತ್ತೇನೆ ಅಂದ ಕೂಡಲೇ ಯಾರಾದರೂ ಕೇಳುತ್ತಾರೆ, "ಅದರ ಬದಲು ಪೆನ್ಸಿಲ್ಲಲ್ಲೇ ಬರೀಬಹುದಲ್ವಾ?" ಕೇಳಬೇಕಾದ ಮಾತೇ. ಆದರೆ ಪೆನ್ಸಿಲ್ಲಿನ ಗ್ರಾಫೈಟ್ ಕಾಗದದ ಮೇಲೆ ಪುಡಿಯಾಗಿ ಕೂರುತ್ತದೆ. ಬೆಳಕು ಬಿದ್ದರೆ ಮಿಂಚುತ್ತದೆ, ಕೈ ತಾಗಿದರೆ ಹರಡುತ್ತದೆ. ಶಾಯಿ ಹಾಗಲ್ಲ, ಕಾಗದಕ್ಕೆ ಇಳಿಯುತ್ತದೆ.

ಬೂದು ಅಂದರೆ ನೀರು ಬೆರೆಸಿದ ಕಪ್ಪು ಅಂತ ನಾನೂ ಅಂದುಕೊಂಡಿದ್ದೆ. ಮನೆಯಲ್ಲೇ ಪರೀಕ್ಷೆ ಮಾಡಿ. ಹೀರುವ ಕಾಗದದ ಪಟ್ಟಿಗೆ ಒಂದು ಹನಿ ಶಾಯಿ ಹಾಕಿ, ಪಟ್ಟಿಯ ತುದಿಯನ್ನು ನೀರಿಗೆ ಮುಟ್ಟಿಸಿ. ನೀರು ಏರುತ್ತಿದ್ದಂತೆ ಬೂದು ಬಿಚ್ಚಿಕೊಳ್ಳುತ್ತದೆ. ಹೆಚ್ಚಿನ ಶಾಯಿಗಳಲ್ಲಿ ಒಂದು ಕಡೆ ನೀಲಿ, ಇನ್ನೊಂದು ಕಡೆ ನೇರಳೆಯೋ ಕಂದೋ ಕಾಣುತ್ತದೆ. ಹಾಗಾಗಿಯೇ ಎರಡು ಬೂದು ಶಾಯಿಗಳು ಒಂದೇ ಥರ ಇರುವುದಿಲ್ಲ. ಜಪಾನಿನ ಪೈಲಟ್ ಕಂಪನಿಯ ಇರೋಶಿಜುಕು ಅನ್ನುವ ಶಾಯಿ ಸರಣಿಯಲ್ಲೇ ಎರಡು ಬೂದುಗಳು ಬಂದಿವೆ. ಕಿರಿಸಾಮೆ ಅಂದರೆ ಮಂಜಿನಂಥ ಸಣ್ಣ ಮಳೆ. ಫುಯುಶೋಗುನ್ ಅಂದರೆ ಚಳಿಗಾಲದ ಸೇನಾಪತಿ. ಈ ಸೇನಾಪತಿಯಲ್ಲಿ ನೀಲಿ ಜಾಸ್ತಿ.

ಕಪ್ಪು ಶಾಯಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೂದು ಮುಚ್ಚುವುದಿಲ್ಲ, ಮಜಾ ಇರುವುದೇ ಅಲ್ಲಿ. ಪೆನ್ನು ಓಡಿದ ಕಡೆ ಶಾಯಿ ತೆಳ್ಳಗೆ ಬೀಳುತ್ತದೆ, ನಿಧಾನವಾದ ಕಡೆ ನಿಂತು ದಟ್ಟವಾಗುತ್ತದೆ. ನಮ್ಮ ಅಕ್ಷರಗಳಲ್ಲಿ ಸುತ್ತು ಜಾಸ್ತಿ, ಅಲ್ವಾ? ಗೆರೆ ಹೊರಳುವ ಕಡೆ, ಕೊಂಬು ಮುಗಿಯುವ ಕಡೆ ಪುಟ್ಟ ಕಪ್ಪು ನೆರಳು ಉಳಿಯುತ್ತದೆ. ಹಳೆಯ ಡೈರಿ ತೆರೆದರೆ ಯಾವ ಪದದ ಮುಂದೆ ನಾನು ತಡವರಿಸಿದ್ದೆ ಅಂತ ನನಗೇ ಗೊತ್ತಾಗುತ್ತದೆ.

ಇದೆಲ್ಲ ಕಾಣಬೇಕಾದರೆ ನಿಬ್ಬು ಸ್ವಲ್ಪ ಅಗಲ ಇರಬೇಕು. ನಾನು ಮೊದಲು ತೀರಾ ಸಣ್ಣ ನಿಬ್ಬಿನಲ್ಲಿ ತಿಳಿಬೂದು ಹಾಕಿ ನಾಲ್ಕು ಪುಟ ಬರೆದೆ. ರಾತ್ರಿ ದೀಪದ ಕೆಳಗೆ ಒಂದು ಸಾಲೂ ಓದಲಾಗಲಿಲ್ಲ! ಕಾಗದವೂ ಅಷ್ಟೇ, ಬೇಗ ಹೀರುವ ಒರಟು ಕಾಗದದಲ್ಲಿ ನೆರಳು ಹುಟ್ಟುವುದಿಲ್ಲ. ನುಣುಪು ಕಾಗದ ಹಿಡಿಯಿರಿ, ಒಣಗಲು ತುಸು ತಡವಾದರೂ ಪರವಾಗಿಲ್ಲ.

ಇನ್ನು ತೊಳೆಯುವ ವಿಚಾರ. ಪೆನ್ನಿನಲ್ಲಿ ಹಳೆಯ ನೀಲಿ ಚೂರು ಉಳಿದಿದ್ದರೂ ಬೂದು ಅದನ್ನು ಬಯಲು ಮಾಡುತ್ತದೆ. ತುಂಬಿಟ್ಟು ಮರೆತರೂ ಕಷ್ಟ. ನೀರು ಆರಿಹೋಗುತ್ತದೆ, ಬಣ್ಣ ಒಳಗೇ ಉಳಿಯುತ್ತದೆ. ನಾನು ಡ್ರಾಯರಿನಲ್ಲಿ ಬಿಟ್ಟಿದ್ದ ಒಂದು ಪೆನ್ನು ತಿಂಗಳುಗಳಾದ ಮೇಲೆ ಹೆಚ್ಚುಕಡಿಮೆ ಕಪ್ಪಾಗಿಯೇ ಬರೆಯಿತು.

ದುಡ್ಡು ಉಳಿಸಲು ಕಪ್ಪು ಶಾಯಿಗೆ ಸುಮ್ನೆ ನೀರು ಸುರಿದು ಬಾಟಲಿ ತುಂಬಿಸಬೇಡಿ. ಬೂಷ್ಟು ತಡೆಯಲು ಹಾಕಿರುವ ರಾಸಾಯನಿಕವೂ ತೆಳುವಾಗುತ್ತದೆ. ಹಾಗೆಯೇ ಅರ್ಜಿ, ಚೆಕ್ಕುಗಳಿಗೆ ಈ ಶಾಯಿ ಬೇಡ. ತಿಳಿಬೂದು ಜೆರಾಕ್ಸಿನಲ್ಲಿ ಸರಿಯಾಗಿ ಮೂಡುವುದಿಲ್ಲ.

ಮೇಜಿನ ಮೇಲೆ ನನ್ನ ಮೂರು ಪೆನ್ನು ಇಟ್ಟಿದ್ದೇನೆ. ಬಂದು ನಿಮ್ಮ ಹೆಸರು ಬರೆದು ನೋಡಿ. ಒತ್ತಬೇಡಿ, ನಿಬ್ಬು ತಾನೇ ಬರೆಯುತ್ತದೆ.